ಗುಂಡಿಯ ತಳದ ಬೊಡ್ಡೆ

ಇಟ್ಟಿಗೆ ಕಾರ್ಖಾನೆಯ ಮೇಸ್ತ್ರಿಯ ಫೋನ್ ಬಂದಾಗ ಅವಳ ಎರಡೂ ಕೈ ಕೆಸರಾಗಿದ್ದವು. ಕಲ್ಲಾಗಿಹೋದ ಮರದ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ನೀರು ಮತ್ತು ಉಜ್ಜುಪುಡಿ ಹಾಕಿ, ಬೆಳಕು ಆಚೆ ಹಾಯುವಷ್ಟು ತೆಳ್ಳಗೆ ತೇಯುವುದು ಅವಳ ಕೆಲಸ. ಒಂದಿಷ್ಟು ಹೆಚ್ಚು ತೇಯ್ದರೆ ಮರವೇ ಮಾಯ. ಕಡಿಮೆಯಾದರೆ ಸೂಕ್ಷ್ಮದರ್ಶಕದಲ್ಲಿ ಬರೀ ಕತ್ತಲು. ಹಾಗಾಗಿ ಆ ಹೊತ್ತಿನಲ್ಲಿ ಯಾರು ಕರೆದರೂ ಅವಳು ಓಗೊಡುತ್ತಿರಲಿಲ್ಲ. ಆದರೆ ಮೇಸ್ತ್ರಿ ಸುಮ್ಮಸುಮ್ಮನೆ ಫೋನ್ ಮಾಡುವ ಮನುಷ್ಯನಲ್ಲ. ಕೈ ಒರೆಸಿಕೊಂಡು ಕಿವಿಗಿಟ್ಟುಕೊಂಡಳು.

ಜೇಡಿಮಣ್ಣಿನ ಗುಂಡಿಯನ್ನು ಮುಚ್ಚುತ್ತಾರಂತೆ. ಒಳ್ಳೆಯ ಮಣ್ಣು ಮುಗಿದಿದೆ. ಬರುವ ವಾರ ಪಂಪು ನಿಲ್ಲಿಸಿದರೆ ನೀರು ತಾನಾಗಿಯೇ ತುಂಬಿಕೊಳ್ಳುತ್ತದೆ. ಕೊನೆಯದಾಗಿ ತಳ ಕೆರೆಯುವಾಗ ಯಂತ್ರದ ಬಾಯಿಗೆ ಒಂದು ಕಲ್ಲುಮರ ಸಿಕ್ಕಿದೆ.

"ಈ ಸಲದ್ದು ಮಲಗಿಲ್ಲ ಮೇಡಂ," ಎಂದ ಮೇಸ್ತ್ರಿ. "ನಿಂತಿದೆ. ಬೇರು ಊರಿಕೊಂಡು ನಿಂತಿದೆ."

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಆ ಗುಂಡಿಗೆ ಅವಳು ಮೊದಲ ಸಲ ಇಳಿದಾಗ ತಲೆಯಲ್ಲಿ ಒಂದು ಬಿಳಿಕೂದಲೂ ಇರಲಿಲ್ಲ. ಜೊತೆಗೆ ಅವನಿದ್ದ. ಸಂಸ್ಥೆಯಲ್ಲಿ ಅವಳನ್ನು ಮರದ ಮೇಡಂ ಎಂದೂ ಅವನನ್ನು ಮಣ್ಣಿನ ಸರ್ ಎಂದೂ ಕರೆಯುತ್ತಿದ್ದರು. ಅವಳು ಕಲ್ಲಾದ ಮರವನ್ನು ಸೀಳಿ, ಅವನು ಕಲ್ಲಾದ ಮಣ್ಣನ್ನು ಒಡೆದು, ಕೋಟ್ಯಂತರ ವರ್ಷಗಳ ಹಿಂದೆ ಆ ಜಾಗದಲ್ಲಿ ಎಂಥ ಮಳೆ, ಎಂಥ ಬಿಸಿಲು ಇತ್ತೆಂದು ಪತ್ತೆ ಹಚ್ಚಬೇಕಿತ್ತು. ಮನೆಯ ಕೆಳ ಅಂತಸ್ತಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳ ಚಿಕ್ಕಮ್ಮ ಗಿರಾಕಿಗಳ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು: ತಂತಿಯ ಮೇಲಿನ ಬಟ್ಟೆ ನೆನೆಯುತ್ತಿದ್ದರೂ ಇವಳಿಗೆ ಗೊತ್ತಾಗುವುದಿಲ್ಲ, ಮನುಷ್ಯರೇ ಹುಟ್ಟದ ಕಾಲದ ಮಳೆಯ ಸುದ್ದಿ ಮಾತ್ರ ಕಂಡವಳ ಹಾಗೆ ಹೇಳುತ್ತಾಳೆ.

ತೊಡಕು ಹುಟ್ಟಿದ್ದು ಮರ ಒಂದು ಹೇಳಿ ಮಣ್ಣು ಇನ್ನೊಂದು ಹೇಳಿದಾಗ. ಗುಂಡಿಯ ಮರಳಿನ ಪದರದಲ್ಲಿ ಅಡ್ಡಬಿದ್ದಿದ್ದ ಕಾಂಡಗಳಲ್ಲಿ ಉಂಗುರಗಳೇ ಇರಲಿಲ್ಲ. ಒಣಗಾಲ ಬಂದರೆ ಮರ ಬೆಳೆಯುವುದನ್ನು ನಿಲ್ಲಿಸುತ್ತದೆ, ಮಳೆ ಬಂದಾಗ ಮತ್ತೆ ಶುರುಮಾಡುತ್ತದೆ. ಹಾಗೆ ನಿಂತ ಗುರುತೇ ಉಂಗುರ. ಉಂಗುರವಿಲ್ಲವೆಂದರೆ ವರ್ಷವಿಡೀ ಮಳೆ. ಅವನ ಮಣ್ಣಿನಲ್ಲೋ ಕಡಲೆಕಾಳಿನ ಗಾತ್ರದ ಸುಣ್ಣದ ಗಂಟುಗಳು, ಹಳೆಯ ಬಿರುಕುಗಳು. ತಿಂಗಳುಗಟ್ಟಲೆ ಕಾದು ಬಾಯ್ಬಿಟ್ಟ ನೆಲದ ಗುರುತು ಅದು. ನಿಮ್ಮ ಮರ ಎಲ್ಲಿಂದಲೋ ತೇಲಿ ಬಂದದ್ದು ಎಂದು ಅವನು. ನಿಮ್ಮ ಸುಣ್ಣ ಎಷ್ಟೋ ಕಾಲದ ಮೇಲೆ ನೆಲದೊಳಗಿನ ನೀರಿನಿಂದ ಸೇರಿಕೊಂಡದ್ದು ಎಂದು ಅವಳು. ಅಲ್ಲೇ ಹುಟ್ಟಿ ಅಲ್ಲೇ ಸತ್ತ ಒಂದೇ ಒಂದು ಮರ ಬೇರುಸಮೇತ ಸಿಕ್ಕಿದ್ದರೆ ಇತ್ಯರ್ಥವಾಗುತ್ತಿತ್ತು. ಸಿಗಲಿಲ್ಲ.

ಗುಂಡಿಯಿಂದ ಬಸ್ಸಿನವರೆಗೆ ವಾದ, ಬಸ್ಸಿನಲ್ಲಿ ವಾದ, ಇಳಿದ ಮೇಲೆ ಅಂಗಡಿಯ ಬಾಗಿಲಲ್ಲಿ ನಿಂತು ವಾದ. ಒಳಗೆ ಬಂದು ಕಚ್ಚಾಡಿ, ಬೀದಿಯವರಿಗೆ ಯಾಕೆ ಪುಕ್ಕಟೆ ನಾಟಕ ತೋರಿಸುತ್ತೀರಿ ಎಂದು ಚಿಕ್ಕಮ್ಮ ಗದರಿಸುತ್ತಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಅವನಿಗೊಂದು ಕುರ್ಚಿ ಕಾಯಂ ಆಗಿತ್ತು. ಅವನು ಎದ್ದು ಹೋದ ಮೇಲೂ ಅವಳು ಮಾತು ಮುಂದುವರಿಸುತ್ತಿದ್ದಳು. ಚಿಕ್ಕಮ್ಮ ಬಾಯಲ್ಲಿ ಸೂಜಿ ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಆಮೇಲೆ ದೂರದ ಸಂಸ್ಥೆಯೊಂದರಿಂದ ಅವನಿಗೆ ದೊಡ್ಡ ಹುದ್ದೆಗೆ ಕರೆ ಬಂತು. ಅವತ್ತು ಬೆಳಿಗ್ಗೆಯಷ್ಟೇ ಇಬ್ಬರೂ ಎಲ್ಲರೆದುರು ಜಟಾಪಟಿ ಮಾಡಿಕೊಂಡಿದ್ದರು. ಸಂಜೆ ಅವನು ಅವಳ ಕೋಣೆಯ ಬಾಗಿಲಿಗೆ ಬಂದು, "ಹೋಗ್ಲಾ?" ಎಂದು ಕೇಳಿದ. ಅವಳು ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ, "ನಿಮ್ಮಿಷ್ಟ" ಎಂದಳು.

ಅವನು ಹೋದ. ಮದುವೆಯಾದ ಸುದ್ದಿ ಬಂತು, ಮಗಳು ಹುಟ್ಟಿದ ಸುದ್ದಿಯೂ ಬಂತು. ಅವಳಿಗೂ ಆ ನಡುವೆ ಒಬ್ಬಿಬ್ಬರು ಹತ್ತಿರವಾದರು. ಸಜ್ಜನರೇ. ಅವಳು ಹೇಳಿದ್ದಕ್ಕೆಲ್ಲ ಹೌದೆನ್ನುತ್ತಿದ್ದರು. ಅದರಿಂದಲೇ ಅವಳಿಗೆ ಬೇಸರ ಬಂದುಬಿಡುತ್ತಿತ್ತು.

ಫೋನ್ ಬಂದ ದಿನವೇ ಅವಳು ಗುಂಡಿಗೆ ಇಳಿದಳು. ಮೇಸ್ತ್ರಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೊಂಟದೆತ್ತರದ ಬೊಡ್ಡೆ, ಸುತ್ತಲೂ ಕೆಂಪು ಮಣ್ಣು, ಆ ಮಣ್ಣಿನೊಳಗೆ ಬೇರುಗಳು ಬೂದುಬಣ್ಣದ ಗೆರೆಗಳಾಗಿ ಇಳಿದುಹೋಗಿದ್ದವು. ಅವಳು ಅದರ ಮೈಮೇಲೆ ಅಂಗೈ ಇಟ್ಟು ನಿಂತಳು. ಮೇಸ್ತ್ರಿ ಸೂಕ್ಷ್ಮ ತಿಳಿದವನು, ಪಂಪು ನೋಡುವ ನೆಪ ಮಾಡಿ ಆಚೆ ಹೋದ.

ತಂದ ತುಂಡನ್ನು ಕೊಯ್ದು, ತೇಯ್ದು, ಸೂಕ್ಷ್ಮದರ್ಶಕದಡಿ ಇಟ್ಟಳು. ಉಂಗುರಗಳಿದ್ದವು. ಒಂದರ ಪಕ್ಕ ಒಂದು, ಬಿಗಿಯಾಗಿ, ಕೆಲವು ಕೂದಲೆಳೆಯಷ್ಟು ತೆಳ್ಳಗೆ. ಮಳೆಗಾಗಿ ಕಾದು ಕಾದು ಬೆಳೆದ ಮರ. ಸೋತೆನೆಂದು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಇದನ್ನು ಯಾರಿಗೆ ಹೇಳಬೇಕೋ ಅವನು ಕೋಣೆಯಲ್ಲಿ ಇಲ್ಲವಲ್ಲ ಎಂದಷ್ಟೇ ಅನ್ನಿಸಿತು.

ಸಂಜೆ ಚಿಕ್ಕಮ್ಮನ ಮುಂದೆ ಬಾಯಿಬಿಟ್ಟಳು. ಬೇರಿನ ಕೆಳಗಿನ ಮಣ್ಣನ್ನು ಬಲ್ಲವರು ನೋಡಬೇಕು, ಆ ಸುಣ್ಣ ಮರದ ಕಾಲದ್ದೇ ಹೌದೋ ಅಲ್ಲವೋ ಅವರು ಹೇಳಬೇಕು, ಯಾರನ್ನು ಕರೆಯಲಿ ಎಂದು ಸುತ್ತಿ ಬಳಸಿ ಕೇಳಿದಳು.

ಚಿಕ್ಕಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. "ಯಾರನ್ನ ಕರೀಬೇಕು ಅಂತ ನಿಂಗೆ ಗೊತ್ತಿಲ್ವೇನೇ? ಗೊತ್ತಿದ್ದೂ ನನ್ನ ಬಾಯಲ್ಲಿ ಹೇಳಿಸ್ತೀಯ. ತಗೋ, ಫೋನ್ ಮಾಡು. ನಾನು ಒಳಗೆ ಹೋಗ್ತೀನಿ."

ಒಳಗೆ ಹೋದಳು ನಿಜ, ಪರದೆಯ ಹಿಂದೆಯೇ ನಿಂತಳು. ಆ ಕಡೆ ಫೋನ್ ಎತ್ತಿದ್ದು ಅವನೇ. ಅವಳು ಕುಶಲ ಕೇಳಲಿಲ್ಲ, ಪೀಠಿಕೆ ಹಾಕಲಿಲ್ಲ. ನಿಂತ ಮರ ಸಿಕ್ಕಿದೆ, ಉಂಗುರಗಳಿವೆ ಎಂದಳು. ಪಂಪು ಯಾವತ್ತು ನಿಲ್ಲಿಸುತ್ತಾರೆ ಎಂದಷ್ಟೇ ಅವನು ಕೇಳಿದ.

ಅವನು ಬಂದದ್ದು ಹೆಂಡತಿ ಓಡಿಸಿದ ಕಾರಿನಲ್ಲಿ. ಇಳಿಯುವಾಗ ಕೋಲು ಮೊದಲು ಹೊರಬಂತು. ಸೊಂಟದ ಶಸ್ತ್ರಚಿಕಿತ್ಸೆಯಾಗಿತ್ತು, ಮೆಟ್ಟಿಲು ಹತ್ತುವುದೇ ಕಷ್ಟ, ಗುಂಡಿಗೆ ಇಳಿಯುವ ಏಣಿಯ ಮಾತಂತೂ ದೂರವೇ ಉಳಿಯಿತು. ಅದನ್ನು ಅವನು ಫೋನಿನಲ್ಲಿ ಹೇಳಿರಲಿಲ್ಲ. ಕೂದಲು ಹಿಂದೆ ಸರಿದಿತ್ತು, ಕಣ್ಣು ಮಾತ್ರ ಹಾಗೆಯೇ, ನೆಲ ಕಂಡ ಕೂಡಲೇ ಹೊಳೆಯುವ ಕಣ್ಣು. ಹೆಂಡತಿ ಡಿಕ್ಕಿಯಿಂದ ಮಡಚುವ ಕುರ್ಚಿ ತೆಗೆದು ಗುಂಡಿಯ ಅಂಚಿನ ತಗಡಿನ ಚಪ್ಪರದಡಿ ಹಾಕಿದಳು. ದುಂಡು ಮುಖದ, ಗಟ್ಟಿ ದನಿಯ ಹೆಂಗಸು. ಈ ಹೆಂಗಸನ್ನು ಕಂಡರೆ ತನಗೆ ಮುನಿಸು ಬಂದೀತೆಂದು ಅವಳು ಅಂದುಕೊಂಡಿದ್ದಳು. ಮುನಿಸು ಬರಲಿಲ್ಲ. ಅದೇ ದೊಡ್ಡ ಕಷ್ಟವಾಯಿತು.

ಅವನು ಇಳಿಯಲಾರ, ಹಾಗಾಗಿ ಮಣ್ಣೇ ಮೇಲೆ ಬರಬೇಕಾಯಿತು. ಅವಳು ಇಳಿದು, ಬೇರಿನ ಪಕ್ಕದ ಮಣ್ಣನ್ನು ಮೇಲು ಕೆಳಗು ತಪ್ಪದಂತೆ ಗುರುತು ಹಾಕಿ ಕೊಯ್ದು, ಚೀಲದಲ್ಲಿ ಹೊತ್ತು ತರುತ್ತಿದ್ದಳು. ಅವನು ಹೆಂಟೆಯನ್ನು ಎರಡು ಹೋಳು ಮಾಡಿ ಭೂತಗನ್ನಡಿ ಹಿಡಿದು ನೋಡುತ್ತಿದ್ದ, ಉಗುರಿನಿಂದ ಗೀರುತ್ತಿದ್ದ, ಚಿಟಿಕೆ ಮಣ್ಣನ್ನು ಹಲ್ಲಿನ ನಡುವೆ ಇಟ್ಟು ನವಿರೋ ಒರಟೋ ಎಂದು ಕಚ್ಚಿ ನೋಡುತ್ತಿದ್ದ. ಆಮ್ಲದ ಒಂದು ಹನಿ ಬಿಟ್ಟರೆ ಸುಣ್ಣದ ಗಂಟಿನಿಂದ ಬುರುಬುರು ನೊರೆ ಏಳುತ್ತಿತ್ತು. ಇನ್ನೂ ಕೆಳಗಿನದು ಬೇಕು ಎನ್ನುತ್ತಿದ್ದ; ಅವಳು ಮತ್ತೆ ಇಳಿಯುತ್ತಿದ್ದಳು. ಮೊಣಕಾಲು ನೋಯುತ್ತಿತ್ತು. ಆದರೂ ಆ ಏಣಿ ಮುಗಿಯದಿರಲಿ ಎಂದೇ ಅವಳಿಗೆ ಅನ್ನಿಸುತ್ತಿತ್ತು.

ಮಧ್ಯಾಹ್ನ ಅವನಿಗೆ ಕುರ್ಚಿಯಲ್ಲೇ ಜೊಂಪು ಹತ್ತಿದಾಗ ಹೆಂಡತಿ ಅವಳಿಗೆ ಬ್ರೆಡ್ಡು ಕೊಟ್ಟಳು. ಬೆಳಗಿನಿಂದ ಮೇಡಂ ಎನ್ನುತ್ತಿದ್ದವಳು ಆಗ ದನಿ ತಗ್ಗಿಸಿದಳು.

"ಅಕ್ಕಾ, ಒಂದು ಮಾತು. ಮನೇಲಿ ನಿಮ್ಮ ಸುದ್ದಿ ಬರದೇ ಇರೋ ವಾರ ಇಲ್ಲ. ಯಾರ ಹತ್ರ ವಾದ ಮಾಡಿ ಬಂದ್ರೂ, ಮರದ ಮೇಡಂ ಹತ್ರ ಮಾಡಿದ ಹಾಗೆ ಆಗಲ್ಲ ಅಂತಾರೆ. ಮೊದಮೊದಲು ನಂಗೆ ಬೇಜಾರಾಗ್ತಿತ್ತು. ಆಮೇಲೆ ಬಿಟ್ಟೆ. ನಂಗೆ ಮಣ್ಣಿನ ವಿಷಯ ತಿಳಿಯಲ್ಲ, ಅದರಲ್ಲಿ ಅವರಿಗೆ ಒಬ್ಬರು ಬೇಕಲ್ಲ."

ಅವಳು ಕೈಯಲ್ಲಿದ್ದ ಬ್ರೆಡ್ಡನ್ನು ಚೂರು ಚೂರು ಮಾಡಿದಳು. ಹೆಂಡತಿ ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿ, ಮೇಸ್ತ್ರಿಯ ಹತ್ತಿರ ಹಳೆಯ ಇಟ್ಟಿಗೆ ಕೇಳುತ್ತೇನೆಂದು ಎದ್ದು ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಅವನು ಕೈಯ ಮಣ್ಣು ಕೊಡವಿಕೊಂಡ. ಬೇರು ಇಳಿದಲ್ಲೆಲ್ಲ ಸುಣ್ಣ ಬೇರನ್ನೇ ಸುತ್ತಿ ಕಟ್ಟಿದೆ. ಮರ ಬದುಕಿದ್ದಾಗಲೇ ಆದದ್ದು, ಆಮೇಲಿನದ್ದಲ್ಲ ಎಂದ. ಇಲ್ಲಿ ಒಣಗಾಲ ಇದ್ದದ್ದು ನಿಜ. ಹಾಗೆಂದು ಅವಳ ಮಲಗಿದ ಕಾಂಡಗಳೂ ಸುಳ್ಳು ಹೇಳಿದ್ದಲ್ಲ. ಅವು ಬೆಳೆದದ್ದು ವರ್ಷವಿಡೀ ಮಳೆ ಸುರಿಯುತ್ತಿದ್ದ ಎಲ್ಲೋ ಮೇಲಿನ ಗುಡ್ಡಗಳಲ್ಲಿ.

"ಮಧ್ಯೆ ಒಂದು ನದಿ," ಎಂದಳು ಅವಳು.

"ಹೂಂ. ಮಧ್ಯೆ ಒಂದು ನದಿ."

ಇಬ್ಬರೂ ಗುಂಡಿಯತ್ತ ನೋಡಿದರು. ಕೆಳಗೆ ಪಂಪು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವನು ಕೈಯಲ್ಲಿದ್ದ ಹೆಂಟೆಯನ್ನು ತಿರುಗಿಸುತ್ತ, ಅವಳ ಮುಖ ನೋಡದೆ ಹೇಳಿದ.

"ಅವತ್ತು ಹೋಗಬೇಡಿ ಅಂತೀರ ಅಂದ್ಕೊಂಡಿದ್ದೆ. ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದೆ, ನೀವು ನೋಡಲಿಲ್ಲ."

"ನೋಡಿದ್ದೆ," ಎಂದಳು ಅವಳು. "ಹೋಗಲ್ಲ ಅಂತ ನೀವೇ ಅಂತೀರೇನೋ ಅಂತ ಕಾಯ್ತಾ ಇದ್ದೆ. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣ್ತಿರಲಿಲ್ಲ ನಂಗೆ."

ಅವನು ತಲೆಯಾಡಿಸಿದ. ಆಮೇಲೆ ಕೆಮ್ಮಿ, ಬೇರಿನ ತುದಿಯ ಮಣ್ಣು ಇನ್ನೊಂದು ಹಿಡಿ ಬೇಕಾಗಿತ್ತು, ಬೆಳಕಿರುವಾಗಲೇ ಆದರೆ ಒಳ್ಳೆಯದು ಎಂದ. ಅವಳು ಇಳಿದಳು. ಬೊಡ್ಡೆಗೆ ಬೆನ್ನು ಕೊಟ್ಟು ಕುಳಿತು, ಮೇಲಿನಿಂದ ಯಾರಿಗೂ ಕಾಣದ ಹಾಗೆ ಅತ್ತಳು. ಮುಖ ಒರೆಸಿಕೊಂಡು ಮಣ್ಣು ಕೊಯ್ದು ತಂದಾಗ ಅವನು ಚೀಲ ಇಸಿದುಕೊಂಡು, ಅವಳ ಕೆನ್ನೆಯ ಮೇಲಿನ ಕೆಂಪು ಕೆಸರು ಕಂಡೂ ಏನೂ ಕೇಳಲಿಲ್ಲ.

ಕಾರು ಹೊರಡುವಾಗ ಹೆಂಡತಿ ಅವಳ ಎರಡೂ ಕೈ ಹಿಡಿದು, ಮನೆಗೆ ಬನ್ನಿ ಎಂದಳು. ಬಾಯಿಮಾತಿಗೆ ಕರೆದದ್ದಲ್ಲ ಅದು. ಬರುತ್ತೇನೆ ಎಂದಳು ಅವಳು. ಹೋಗಲಾರೆನೆಂದು ಅವಳಿಗೆ ಗೊತ್ತಿತ್ತು.

ಬೊಡ್ಡೆಯ ಮೇಲ್ಭಾಗವನ್ನು ಮೇಸ್ತ್ರಿ ಯಂತ್ರ ತರಿಸಿ ಎತ್ತಿಸಿಕೊಟ್ಟ. ಬೇರು ಅಲ್ಲೇ ಉಳಿಯಿತು. ಪಂಪು ನಿಂತು, ಗುಂಡಿಯಲ್ಲಿ ನೀರೇರಿತು. ಆಮೇಲಿನ ತಿಂಗಳುಗಳೇ ಅವಳ ಒಳ್ಳೆಯ ದಿನಗಳು. ಇಬ್ಬರ ಹೆಸರಿನ ಲೇಖನ ಬರೆಯಬೇಕಿತ್ತು, ಹಾಗಾಗಿ ಫೋನ್ ಬರುತ್ತಿತ್ತು. ದೀರ್ಘ ಒಣಗಾಲ ಎನ್ನಬೇಕೋ ಬರೀ ಒಣಗಾಲ ಸಾಕೋ ಎಂಬುದಕ್ಕೆ ಒಂದು ಇಡೀ ಸಂಜೆ ಹೋಯಿತು. ಚಿಕ್ಕಮ್ಮ ಅಂಗಡಿಯಿಂದಲೇ, ಇಬ್ಬರಿಗೂ ವಯಸ್ಸಾಯಿತು, ಬುದ್ಧಿ ಮಾತ್ರ ಬರಲಿಲ್ಲ ಎಂದು ಗೊಣಗುತ್ತ ಯಂತ್ರದ ಸದ್ದು ತಗ್ಗಿಸುತ್ತಿದ್ದಳು.

ಲೇಖನ ಅಚ್ಚಾಯಿತು. ಫೋನ್ ಮಾಡಲು ಕಾರಣ ಉಳಿಯಲಿಲ್ಲ. ಕಾರಣವಿಲ್ಲದೆ ಮಾಡುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಅವಳು ಬೇರೆ ಊರಿನ ಕಲ್ಲುಗಳ ಪೆಟ್ಟಿಗೆ ತೆರೆದು ಮತ್ತೆ ತೇಯಲು ಕುಳಿತಳು. ಆದರೆ ಕೆಲಸ ಮುಗಿಸಿ ಬಸ್ಸಿಗೆ ನಡೆದು ಹೋಗುವಾಗ ಅವಳ ತುಟಿಗಳು ಅಲುಗುತ್ತಿದ್ದವು. ಅಂದು ಕಂಡದ್ದನ್ನು ಅವನಿಗೆ ಹೇಳುತ್ತಿದ್ದಳು, ಅದಕ್ಕೆ ಅವನು ಏನೆನ್ನುತ್ತಾನೋ ಅದನ್ನೂ ತಾನೇ ಹೇಳಿಕೊಳ್ಳುತ್ತಿದ್ದಳು, ಅಲ್ಲ ಎನ್ನುತ್ತಿದ್ದಳು, ಹೇಗೆ ಎನ್ನುತ್ತಿದ್ದಳು. ಕೆಲವು ದಿನ ಅವನೇ ಗೆಲ್ಲುತ್ತಿದ್ದ.