ಇಪ್ಪತ್ತೊಂದು ದಿನ ನೆಲ ಕಾಣದ ದಾರಿ

ರೈಲು ಬಿಡುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಹಡಗು ಬಿಡುವವನು ಭೂಮಂಡಲಕ್ಕೆಲ್ಲ ಒಬ್ಬನೇ, ಅವನೇ ನಮ್ಮ ಕ್ಯಾಪ್ಟನ್. ಮೂವತ್ತು ವರ್ಷ ಪ್ರವಾಸದ ಕಚೇರಿಯಲ್ಲಿ ಕೂತು ಅವನು ಮಾರಿದ ವಿಹಾರದ ಹಡಗಿನ ಟಿಕೆಟ್ಟುಗಳನ್ನು ಹಾಸಿದ್ದರೆ ಸಮುದ್ರವೇ ಮುಚ್ಚಿ ಮೀನುಗಳು ಉಸಿರುಗಟ್ಟುತ್ತಿದ್ದವು. ಸ್ವತಃ ಮಾತ್ರ ಒಂದು ದಿನವೂ ಹಡಗು ಹತ್ತಿದವನಲ್ಲ. ಬಕೆಟ್ಟಿನ ನೀರು ಅಲುಗಿದರೂ ಅವನಿಗೆ ತಲೆ ಸುತ್ತುತ್ತಿತ್ತು.

ಈಗ ಎರಡೂ ಕಿಡ್ನಿ ಕೈಕೊಟ್ಟು, ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ತಾಸು ಡಯಾಲಿಸಿಸ್ ಕುರ್ಚಿಯಲ್ಲಿ ಬಿದ್ದಿರುತ್ತಿದ್ದ. ಪಕ್ಕದ ಕುರ್ಚಿ ಇಸ್ತ್ರಿ ಅಕ್ಕನದು. ಅವಳು ಇಸ್ತ್ರಿ ಹಾಕಿದ ಅಂಗಿಯ ಗೆರೆಯಲ್ಲಿ ಟೊಮೇಟೊ ಹೆಚ್ಚಬಹುದಿತ್ತು.

ಒಂದು ಶುಕ್ರವಾರ ಅಕ್ಕ ಅಂದಳು, "ಕ್ಯಾಪ್ಟನ್ನರೇ, ನಾನಿನ್ನು ಬರಲ್ಲ. ಈ ಕೈ ನೋಡಿ, ಜರಡಿ ಆಗಿದೆ."

ಬರದಿದ್ದರೆ ಹತ್ತು ಹನ್ನೆರಡು ದಿನದ ಮಾತು. ಅದು ಇಬ್ಬರಿಗೂ ಗೊತ್ತಿತ್ತು.

"ಹಾಗಂದ್ರೆ ಹೇಗಕ್ಕಾ? ನಿಮ್ಮ ಹೆಸರಲ್ಲಿ ಕಿಟಕಿ ಇರೋ ಕೋಣೆ ಹಿಡಿದಿಟ್ಟಿದ್ದೀನಿ."

"ಎಲ್ಲಿ?"

"ಹಡಗಲ್ಲಿ. ಯಾವ ಹಡಗು ಅಂತ ಸೋಮವಾರ ಹೇಳ್ತೀನಿ."

ಮಗಳು ಕಾಲಿಗೆ ಬಿದ್ದರೂ ಜಗ್ಗದ ಅಕ್ಕ ಸೋಮವಾರ ಬಂದಳು. ಇಲ್ಲದ ಹಡಗೊಂದು ಅವಳನ್ನು ಎಳೆದು ತಂದಿತ್ತು.

ಅಲ್ಲಿಂದ ಐದು ತಿಂಗಳು ಕ್ಯಾಪ್ಟನ್ ತೊಡೆಯ ಮೇಲೆ ನಕ್ಷೆ ಹರಡಿ ದಾರಿ ಬರೆದ. ದಿನ ಬಿಟ್ಟು ದಿನ ಒಂದು ಬಂದರು, ಬಂದರಿಗೊಂದು ಆಸ್ಪತ್ರೆ, ಆಸ್ಪತ್ರೆಯಲ್ಲಿ ಇವರಿಬ್ಬರಿಗೆ ಎರಡು ಕುರ್ಚಿ. ಬೇಸಿಗೆಗೆ ಹಡಗಿನ ತವರು ಬಂದರು ಉತ್ತರದ ಮಂಜಿನ ಮಗ್ಗುಲಲ್ಲಿ, ಚಳಿಗಾಲಕ್ಕೆ ದಕ್ಷಿಣದ ಬೆಚ್ಚನೆಯ ದ್ವೀಪದಲ್ಲಿ.

"ಹಡಗಿಗೆ ಎರಡೆರಡು ತವರಾ? ನನಗೆ ಒಂದೂ ಉಳಿದಿಲ್ಲ," ಅಂದಳು ಅಕ್ಕ. ದಿನಕ್ಕೆ ಮೂರು ಲೋಟ ನೀರಷ್ಟೇ ಅವಳ ಪಾಲು; ಹೆಚ್ಚು ಕುಡಿದರೆ ಮೈಯಲ್ಲೇ ನಿಂತು ತೂಕ ಏರುತ್ತಿತ್ತು. "ಮಂಜಿನ ಬೆಟ್ಟ ಬಂದಾಗ ಎಬ್ಬಿಸಿ. ಒಂದು ಕಡೆಯಿಂದ ನೆಕ್ಕಿಬಿಡ್ತೀನಿ."

"ಕದ್ದು ನೆಕ್ಕಿದ್ರೂ ತೂಕ ಹೇಳಿಬಿಡುತ್ತಮ್ಮಾ," ಅಂದಳು ನರ್ಸ್.

ಹೀಗೆ ಸಾಗುತ್ತಿದ್ದ ಹಡಗನ್ನು ಅಕ್ಕ ಒಂದು ಶುಕ್ರವಾರ ತಡೆದಳು. "ನಿಮ್ಮ ಬಂದರಲ್ಲೆಲ್ಲ ಸೂಜಿ ಇದೆ ಕ್ಯಾಪ್ಟನ್ನರೇ. ಬಂದರೇ ಇಲ್ಲದ ದಾರಿ ಬರೀರಿ ನೋಡೋಣ. ಆಗಲ್ಲ ಬಿಡಿ, ನಿಮ್ಮ ಕೈಲಿ."

ಆಗಲ್ಲ ಅನ್ನುವ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದರೆ ಅವನು ಕ್ಯಾಪ್ಟನ್ ಹೇಗಾದಾನು? ಶನಿವಾರ, ಭಾನುವಾರ ಊಟ ಮರೆತು ಬರೆದ. ಸೋಮವಾರ ಎದೆಯುಬ್ಬಿಸಿ ಓದಿದ: ಋತು ತಿರುಗಿದಾಗ ಹಡಗು ಉತ್ತರದ ತವರು ಬಿಟ್ಟು ದಕ್ಷಿಣದ ತವರಿಗೆ ಹೊರಡುತ್ತದೆ. ಎಲ್ಲೂ ನಿಲ್ಲುವುದಿಲ್ಲ. ಇಪ್ಪತ್ತೊಂದು ದಿನ ನೆಲ ಕಾಣುವುದಿಲ್ಲ. ಆರನೆಯ ದಿನದಿಂದ ಹಕ್ಕಿಯೂ ಇಲ್ಲ. ನೀರು ಎಷ್ಟು ನುಣುಪೆಂದರೆ ಅಕ್ಕನೇ ಇಸ್ತ್ರಿ ಹಾಕಿದಂತೆ.

ಸೂಜಿ ಕಿತ್ತದ್ದೂ ಅಕ್ಕನಿಗೆ ತಿಳಿಯಲಿಲ್ಲ. ಹಾಳೆ ಇಸಿದುಕೊಂಡು, ಉಗುರಿನಿಂದ ಗೆರೆ ತೀಡಿ ನಾಲ್ಕಾಗಿ ಮಡಿಸಿದಳು. "ಒಪ್ಪಿದೆ ಕ್ಯಾಪ್ಟನ್ನರೇ. ನೀವು ದೊಡ್ಡವರು." ಅವನು ಹೆಮ್ಮೆಯಿಂದ ಎಷ್ಟು ಉಬ್ಬಿದನೆಂದರೆ ಅವತ್ತು ನರ್ಸ್ ಅವನ ತೂಕವನ್ನು ಎರಡು ಸಲ ನೋಡಬೇಕಾಯಿತು.

ಬುಧವಾರ ಪಕ್ಕದ ಕುರ್ಚಿ ಖಾಲಿ. ಶುಕ್ರವಾರವೂ ಖಾಲಿ.

"ಅವರ ಮಗಳು ಫೋನ್ ಮಾಡಿದ್ರು," ಅಂದಳು ನರ್ಸ್, ಅವನ ಮುಖ ನೋಡದೆ. "ಅಮ್ಮ ಮಂಗಳವಾರವೇ ಹಡಗು ಹತ್ತಿದ್ರು, ಇನ್ನಿಲ್ಲಿಗೆ ಬರಲ್ಲ ಅಂತ ನಿಮಗೆ ಹೇಳ್ಬೇಕಂತೆ."

ಸೂಜಿ ಚುಚ್ಚಿದ್ದ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಕ್ಯಾಪ್ಟನ್ ಫೋನ್ ಒತ್ತಿದ. "ಅಕ್ಕಾ, ದಾರಿ ತಪ್ಪು ಬರೆದಿದ್ದೆ. ನಡುವೆ ಒಂದು ದ್ವೀಪ ಬಿಟ್ಟುಹೋಗಿತ್ತು. ನಾಳೆಯೇ ಸಿಗುತ್ತೆ. ಒಳ್ಳೇ ಆಸ್ಪತ್ರೆ ಇದೆ."

ಆ ಕಡೆಯಿಂದ ದಣಿದ ನಗು ಬಂತು. "ಇದ್ದಿದ್ರೆ ನೀವು ಬಿಡ್ತಿದ್ರಾ? ಸುಳ್ಳು ಹೇಳೋಕೂ ಬರಲ್ಲ ನಿಮಗೆ. ಬೆಳಿಗ್ಗೆ ಒಂದು ತಂಬಿಗೆ ನೀರು ಕುಡಿದೆ, ಕ್ಯಾಪ್ಟನ್ನರೇ. ಪೂರ್ತಿ ತಂಬಿಗೆ."

ಸಾವಿರ ಸುಳ್ಳಿನ ಸರದಾರನ ಒಂದೇ ಒಂದು ಸುಳ್ಳು ಮಾತ್ರ, ಬೇಕಾದ ದಿನ, ನೀರಿಗಿಳಿಯುವ ಮೊದಲೇ ಮುಳುಗಿತು.

ಹಾಳೆಯ ಲೆಕ್ಕದಲ್ಲಿ ಹನ್ನೊಂದನೆಯ ದಿನ, ಇನ್ನೂ ಅರ್ಧ ಸಮುದ್ರ ಬಾಕಿ ಇರುವಾಗ, ಆ ಕುರ್ಚಿಯಲ್ಲಿ ಹೊಸಬರೊಬ್ಬರು ಕೂತಿದ್ದರು. ಯಾರ ಜಾಗ ಎಂದು ಅವರಿಗೆ ತಿಳಿಯದು. ಹೆದರಿ ಬೆವರುತ್ತಿದ್ದರು. ಕ್ಯಾಪ್ಟನ್ನನ ಚೀಲದಿಂದ ಇಣುಕುತ್ತಿದ್ದ ನಕ್ಷೆ ನೋಡಿ, ಮಾತಿಗೊಂದು ನೆಪ ಸಿಕ್ಕಿತೆಂಬಂತೆ ಕೇಳಿದರು, "ಎಲ್ಲಿಗಾದ್ರೂ ಹೊರಟಿದ್ದೀರಾ ಸಾರ್?"

ಒಂದು ಪ್ರಶ್ನೆಗೆ ಮೂರು ಉತ್ತರ ಕೊಡದೆ ಜನ್ಮದಲ್ಲಿ ಬಿಟ್ಟವನಲ್ಲ ಅವನು.

"ಇಲ್ಲ," ಅಂದ. ನಕ್ಷೆಯನ್ನು ಚೀಲದ ತಳಕ್ಕೆ ತುರುಕಿ, ನರ್ಸ್ ಕಡೆಗೆ ಕೈ ಚಾಚಿದ.