ಮ್ಯೂಸಿಯಂ ಒಂದು ಬಿಟ್ಟು

ಹೊಸಪೇಟೆಯಲ್ಲಿ ಮನೆ ಮಾಡಿದವರಿಗೆ ಒಂದು ಕರ್ಮ ತಪ್ಪಿದ್ದಲ್ಲ. ಯಾವ ಊರಿನಿಂದ ಯಾವ ನೆಂಟ ಬಂದಿಳಿದರೂ ಚಹಾದ ಲೋಟ ಕೆಳಗಿಡುವ ಮೊದಲೇ "ಹಂಪಿ ನೋಡಬೇಕಲ್ರೀ" ಅನ್ನುತ್ತಾನೆ. ತೋರಿಸಬೇಕು. ಬಿಸಿಲಿರಲಿ, ಜ್ವರವಿರಲಿ, ಮಕ್ಕಳ ಪರೀಕ್ಷೆಯಿರಲಿ, ಕೇಳುವವರು ಯಾರು? ಇನ್ನು ಪರಶುರಾಮನಿಗೆ ಅದೇ ಹೊಟ್ಟೆಪಾಡು. ಆಟೋದಲ್ಲಿ ಜನರನ್ನು ಕೂರಿಸಿಕೊಂಡು ದಿನವಿಡೀ ಹಂಪಿ ಸುತ್ತಿಸುವುದು ಬಿಟ್ಟರೆ ಬೇರೆ ಕಸುಬು ಅವನಿಗೆ ಗೊತ್ತಿಲ್ಲ. ಅಂಥ ಮನೆಯಲ್ಲಿ ಬೆಳೆದ ಮಕ್ಕಳು ಮ್ಯೂಸಿಯಂ ಅಂದರೆ ಮುಖ ಸಿಂಡರಿಸುವುದು ಸಹಜವೇ ಎಂದು ಅವನು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡುಬಿಟ್ಟಿದ್ದ. ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಅವತ್ತು ಸಂಜೆ ಊರಂಚಿನ ಚಿತ್ತವಾಡ್ಗಿಯ ಅವನ ಮನೆಯ ಕಟ್ಟೆಯ ಮೇಲೆ ಅವನೂ ಇಬ್ಬರು ಮಕ್ಕಳೂ ಕೂತಿದ್ದರು. ನಡುವೆ ಪೇಪರಿನ ಮೇಲೆ ಮಂಡಕ್ಕಿ ವಗ್ಗರಣಿ, ಬಿಸಿ ಮಿರ್ಚಿ. ಮೈಸೂರಿಗೆ ಹೋಗುವ ಮಾತು ನಡೆದಿತ್ತು. ಶೈಲಶ್ರೀ ಎರಡನೇ ಪಿಯುಸಿ ಪಾಸಾಗಿದ್ದಳು. ಅವಳ ತಮ್ಮ ಪಂಪಾಪತಿ ಎಸ್ಸೆಸ್ಸೆಲ್ಸಿ ದಾಟಿ, ಮೂಗಿನ ಕೆಳಗೆ ಮೂಡಿದ ನಾಲ್ಕು ಕೂದಲನ್ನು ಗಂಟೆಗೊಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಇಬ್ಬರೂ ಪರಶುರಾಮನ ಅಕ್ಕ ಯಶೋಧರಾಳ ಮಕ್ಕಳು. ಅವನು ಸೋದರಮಾವ. ಹುಟ್ಟಿದ ಊರು ಸಂಡೂರಾದರೂ ಅವರಿಗೆ ಬುದ್ಧಿ ಬಂದದ್ದು, ಹಲ್ಲು ಬಿದ್ದು ಹಲ್ಲು ಬಂದದ್ದು ಎಲ್ಲ ಇದೇ ಕಟ್ಟೆಯ ಮೇಲೆ.

"ಮೊದಲನೇ ದಿನ ಝೂ," ಅಂದ ಪಂಪಾಪತಿ, ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ. "ದರೋಜಿ ಕರಡಿ ನೋಡಿ ನೋಡಿ ಸಾಕಾಗೈತಿ ಮಾಮಾ. ಜಿರಾಫೆ ನೋಡ್ಬೇಕು. ಸಂಜಿಕಿ ಅರಮನಿ ಲೈಟು."

"ಅರಮನಿ ಒಳಗ ಹೋಗೂದಿಲ್ಲೇನಲೇ?"

"ಹೊರಗಿಂದ ಸಾಕು. ಒಳಗ ಹೋದ್ರ ಅದೂ ಮ್ಯೂಸಿಯಮ್ಮೇ."

ಶೈಲಶ್ರೀ ನಕ್ಕಳು. "ನನಗ ಬೆಟ್ಟ ಹತ್ಬೇಕು. ಮಾರ್ಕೆಟ್‌ನಾಗ ಸುಮ್ನ ಅಡ್ಡಾಡ್ಬೇಕು. ಇಷ್ಟ ನೋಡು. ಮ್ಯೂಸಿಯಂ ಒಂದ್ ಬಿಟ್ಟು ನೀ ಎಲ್ಲಿ ಕರ್ಕೊಂಡು ಹೋದ್ರೂ ಬರ್ತೀವಿ."

ಪರಶುರಾಮ ಪೇಪರಿನ ಅಂಚಿನ ಮಿರ್ಚಿಯನ್ನು ಅವಳ ಕಡೆ ಸರಿಸಿದ. ಅವಳ ಮುಖ ನೋಡಲಿಲ್ಲ. ಯಾಕೆಂದರೆ ಕೊನೆಯ ದಿನ ಮಕ್ಕಳನ್ನು ಅವನು ಕರೆದೊಯ್ಯಬೇಕಾದದ್ದೇ ಮ್ಯೂಸಿಯಮ್ಮಿಗೆ. ಮೈಸೂರು ಸ್ಟೇಷನ್ನಿನ ಪಕ್ಕದ ರೈಲ್ವೆ ಮ್ಯೂಸಿಯಂ. ಅಲ್ಲಿಗೆ ಮಕ್ಕಳ ಅಪ್ಪ ಹೊನ್ನೂರಸ್ವಾಮಿ ಬರುತ್ತಾನೆ. ಇಬ್ಬರನ್ನೂ ಅವನ ಕೈಗೆ ಒಪ್ಪಿಸಿ ಪರಶುರಾಮ ಒಬ್ಬನೇ ಸಂಜೆಯ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು. ಮಾತು ಆಗಿಹೋಗಿತ್ತು. ಮಕ್ಕಳಿಗೆ ಗೊತ್ತಿರಲಿಲ್ಲ.

ಹೊನ್ನೂರಸ್ವಾಮಿ ಕೆಟ್ಟವನೇನಲ್ಲ, ಆ ಮಾತು ಬೇರೆ. ಸಂಡೂರಿನ ಗಣಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಗಣಿ ನಿಂತ ಕಾಲಕ್ಕೆ ಕೆಲಸ ಹೋಯಿತು. ಅದರ ಬೆನ್ನಿಗೇ ಯಶೋಧರಾಳಿಗೆ ಕಾಮಾಲೆ ಆಗಿ ತಲೆಗೇರಿತು. ಹೆಂಡತಿಯನ್ನು ಮಣ್ಣು ಮಾಡಿ, ಇಬ್ಬರು ಮಕ್ಕಳನ್ನು ಅತ್ತೆ, ಅಂದರೆ ಪರಶುರಾಮನ ತಾಯಿ ಉಚ್ಚಂಗೆಮ್ಮನ ಮಡಿಲಿಗೆ ಹಾಕಿ, ಕೆಲಸ ಹುಡುಕಿಕೊಂಡು ಬಂದು ಕರೆದೊಯ್ಯುತ್ತೇನೆ ಅಂತ ಹೋದವನು ಮೈಸೂರಲ್ಲಿ ಇನ್ನೊಂದು ಮದುವೆಯಾಗಿ ಅಲ್ಲೇ ಉಳಿದ. ಯುಗಾದಿಗೊಮ್ಮೆ ಫೋನು ಮಾಡುತ್ತಿದ್ದ. ಮಕ್ಕಳು "ಹ್ಞೂಂ", "ಆರಾಮ" ಅಂತ ಎರಡು ಮಾತಾಡಿ ಫೋನನ್ನು ಮಾವನ ಕೈಗೆ ಕೊಡುತ್ತಿದ್ದರು.

ಹಾಗಾದರೆ ಈಗೇಕೆ ಇದ್ದಕ್ಕಿದ್ದಂತೆ ಅಪ್ಪನ ನೆನಪು? ಅಪ್ಪ ಕರೆದದ್ದಲ್ಲ ಸ್ವಾಮಿ, ಪರಶುರಾಮನೇ ಕರೆಸಿಕೋ ಅಂತ ಬೇಡಿಕೊಂಡದ್ದು.

ಉಚ್ಚಂಗೆಮ್ಮ ಹೋದ ವರ್ಷ ತೀರಿಕೊಂಡಳು. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಮಾಡಿ ಮಾಡಿ ಸೊಂಟ ಬಾಗಿದ್ದ ಮುದುಕಿ, ಇದ್ದಷ್ಟು ದಿನ ಆ ಮನೆಗೆ ಒಂದು ಮರ್ಯಾದೆಯ ಗೋಡೆಯಾಗಿದ್ದಳು. ಅವಳ ತಿಥಿ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಪಕ್ಕದ ಮನೆಯ ಭೀಮಮ್ಮ ಬಂದು ಎಲೆ-ಅಡಿಕೆ ಹಾಕಿಕೊಂಡು ಕೂತು, "ಪರಶು, ಎಷ್ಟಂತ ಹಿಂಗ ಮದಿವಿ ಇಲ್ದ ಇರ್ತಿ? ಹೊರಗ ಯಾಕ ಹುಡುಕ್ತಿ, ಅಕ್ಕನ ಮಗಳು ಮನ್ಯಾಗs ಅದಾಳಲ್ಲ. ಹದಿನೆಂಟು ತುಂಬ್ತು. ನಿನ್ನ ಹಕ್ಕಿನ ಹೆಣ್ಣು," ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಇದ್ದದ್ದೇ. ಭೀಮಮ್ಮನ ಮದುವೆಯೂ ಹಾಗೇ ಆದದ್ದು.

ಪರಶುರಾಮನಿಗೆ ಮಾತ್ರ ಮೈಮೇಲೆ ಚೇಳು ಬಿದ್ದಂತಾಯಿತು. ಆ ಹುಡುಗಿಯ ಕಿವಿ ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಂಡವನು ಅವನು. ಉಚ್ಚಂಗೆಮ್ಮ ನಸುಕಿಗೇ ಕೂಲಿಗೆ ಹೋದ ದಿನ ಸ್ಕೂಲಿಗೆ ಎರಡು ಜಡೆ ಹಾಕಿ ಕಳಿಸಿದವನು. "ಯವ್ವಾ, ಆಕಿ ನನ್ನ ಮಗಳು. ಇನ್ನೊಮ್ಮೆ ಅನಬ್ಯಾಡ," ಅಂದ. ಭೀಮಮ್ಮ ಸುಮ್ಮನಾದಳು. ಓಣಿ ಸುಮ್ಮನಾಗಲಿಲ್ಲ. ಆಟೋ ಸ್ಟ್ಯಾಂಡಿನಲ್ಲಿ ಕೇಳಿದರು. ಬಟ್ಟೆ ಅಂಗಡಿಯವನು ಧಾರೆ ಸೀರೆ ಯಾವಾಗ ಅಂತ ನಗುತ್ತ ಕೇಳಿದ. ಅವತ್ತು ಪರಶುರಾಮ ಮನೆಗೆ ಬಂದು ಊಟ ಮಾಡಲಿಲ್ಲ. ಹುಡುಗಿಯ ಮುಖ ನೋಡುವುದಕ್ಕೂ ಅವನಿಗೆ ಹಿಂಸೆಯಾಗತೊಡಗಿತು. ಓಣಿಯವರ ಬಾಯಿ ಮುಚ್ಚಿಸುವುದು ಬಿಟ್ಟು ಮಕ್ಕಳನ್ನೇ ಸಾಗಹಾಕಲು ಹೊರಟ. ಏನು ಹೇಳೋಣ ಇಂಥವನಿಗೆ! ಅಪ್ಪನ ಮನೆಯಲ್ಲಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಕಾಲೇಜೂ ಆಗುತ್ತದೆ ಅಂತ ಅವನ ಲೆಕ್ಕ. ಅಕ್ಕ ಒಂದು ಕಡೆ ತಮ್ಮ ಒಂದು ಕಡೆ ಬೇಡ ಅಂತ ಇಬ್ಬರನ್ನೂ ಕಳಿಸಲು ನಿಶ್ಚಯ ಮಾಡಿದ.

"ಮನಿಗೆ ಒಮ್ಮೆಲೇ ಕರ್ಕೊಂಡು ಬರಬ್ಯಾಡ ಪರಶು," ಅಂದಿದ್ದ ಹೊನ್ನೂರಸ್ವಾಮಿ ಫೋನಿನಲ್ಲಿ. "ನಮ್ಮಾಕಿಗೂ ಹೊಸದು. ಮೊದಲ ನಾ ಒಬ್ಬನ ಬರ್ತೀನಿ. ರೈಲ್ವೆ ಮ್ಯೂಸಿಯಂನಾಗ ನೆಳ್ಳೈತಿ, ಕುಂದ್ರಾಕ ಬೆಂಚ್ ಅದಾವ. ಅಲ್ಲಿ ಮಾತಾಡೂನು." ಆಮೇಲೆ, "ನನ್ನ ಗುರುತು ಹಿಡೀತಾವೇನೋ?" ಅಂತ ಕೇಳಿ ಅತ್ತಿದ್ದ. ಪರಶುರಾಮನಿಗೂ ಅಳು ಬಂದಿತ್ತು.

ಈಗ ಕಟ್ಟೆಯ ಮೇಲೆ ಕೂತು ಅವನು ಮೆಲ್ಲಗೆ ಶುರು ಮಾಡಿದ. "ಅಲ್ಲಲೇ, ಸ್ಟೇಷನ್ ಬಾಜೂಕ ಒಂದ್ ರೈಲ್ವೆ ಮ್ಯೂಸಿಯಂ ಐತಂತ. ಅಲ್ಲಿ ಕಲ್ಲಿಲ್ಲ, ಕಂಬ ಇಲ್ಲ. ಬರೇ ಇಂಜಿನ್ನು. ಮಸ್ತ್ ಇರ್ತೈತಂತ."

"ಬ್ಯಾಡ," ಅಂದ ಪಂಪಾಪತಿ.

"ರಾಜರ ಕಾಲದ ಡಬ್ಬಿ ಐತಂತ. ಒಳಗ ಹಾಸಿಗಿ, ಬಚ್ಚಲಾ ಎಲ್ಲ."

"ಮಾಮಾ, ಬ್ಯಾಡ ಅಂದೆ."

"ಒಂದ್ ತಾಸು. ರೈಲಿಗೆ ಹೆಂಗೂ ಕಾಯಬೇಕಲ್ಲ."

"ಪ್ಲಾಟ್‌ಫಾರ್ಮಿನ್ಯಾಗ ಕಾಯೂನು," ಅಂದಳು ಶೈಲಶ್ರೀ.

ಪರಶುರಾಮನಿಗೆ ಸಿಟ್ಟು ಬಂತು. ತನ್ನ ಮೇಲಿನ ಸಿಟ್ಟು, ಮಕ್ಕಳ ಮೇಲೆ ಹರಿಯಿತು. "ಏನ್ ಜೀವಾ ತೆಗೀತೀರಲೇ! ಊರಿಂದೂರಿಗೆ ಕರ್ಕೊಂಡು ಹೊಂಟೀನಿ. ಕೇಳಿದ್ದೆಲ್ಲ ಹ್ಞೂಂ ಅಂದೀನಿ. ನನ್ನ ಒಂದ್ ಮಾತು ನಡಸಾಕ ಆಗಂಗಿಲ್ಲೇನು? ಸಣ್ಣಾರಿದ್ದಾಗ ಕಮಲಾಪುರದ ಮ್ಯೂಸಿಯಂನಾಗ ದಿನಗಟ್ಲೆ ಕುಂದರ್ತಿದ್ರಿ, ಒಮ್ಮೆರ ಅತ್ತಿಲ್ಲ. ಈಗ ದೊಡ್ಡ ಮನಷ್ಯಾರಾಗೀರೇನು?"

ಅವನು ಅಂದದ್ದು ನಿಜವೇ. ಸ್ಕೂಲಿಗೆ ರಜೆ ಬಂತೆಂದರೆ ಮಕ್ಕಳನ್ನು ನೋಡಿಕೊಳ್ಳುವವರಿರಲಿಲ್ಲ. ಮುದುಕಿ ಕಂಪ್ಲಿಗೆ ನಾಟಿಗೆ, ಇವನು ಆಟೋದಲ್ಲಿ ಹಂಪಿಗೆ. ರಜೆಯಲ್ಲೇ ಅಲ್ಲವೇ ಜನ ಬರುವುದು! ಇಡೀ ಆಟೋ ಹಿಡಿದವರು ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುತ್ತಾರೆಯೇ? ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ನೆರಳಿತ್ತು, ಕುಡಿಯುವ ನೀರಿತ್ತು. ಹುಲುಗಪ್ಪ ಅಂತ ಪರಿಚಯದ ವಾಚ್‌ಮನ್ ಇದ್ದ. ಬೆಳಿಗ್ಗೆ ಇಬ್ಬರನ್ನೂ ಅಲ್ಲಿ ಇಳಿಸಿ, "ಇಲ್ಲೇ ಕುಂದ್ರಿ, ಬರ್ತೀನಿ," ಅಂತ ಹೋಗುತ್ತಿದ್ದ. ಸಂಜೆ ಬರುತ್ತಿದ್ದ, ಕೈಯಲ್ಲಿ ಏನಾದರೂ ತಿನ್ನಲು ಹಿಡಿದುಕೊಂಡು. ಮಕ್ಕಳು ಕೈಕಟ್ಟಿ ಕೂತಲ್ಲೇ ಕೂತಿರುತ್ತಿದ್ದವು. ಎಂಥ ಶಾಣ್ಯಾ ಮಕ್ಕಳು ಅಂತ ಹುಲುಗಪ್ಪ ಹೊಗಳಿದಾಗ ಪರಶುರಾಮನಿಗೆ ಹೆಮ್ಮೆ ಎನಿಸುತ್ತಿತ್ತು.

ಶೈಲಶ್ರೀ ಕೈಯಲ್ಲಿದ್ದ ಮಿರ್ಚಿಯನ್ನು ಪೇಪರಿನ ಮೇಲೆ ಇಟ್ಟಳು.

"ಅಳ್ತಿದ್ವಿ ಮಾಮಾ," ಅಂದಳು. "ನಿನ್ನ ಮುಂದ ಅಳ್ತಿದ್ದಿಲ್ಲ ಅಷ್ಟ. ಅಮ್ಮನ್ನ ದವಾಖಾನಿಗೆ ಕರ್ಕೊಂಡು ಹೋಗುವಾಗ ಆಕೀನೂ ಹಂಗ ಅಂದಿದ್ಲು, ಇಲ್ಲೇ ಕುಂದ್ರಿ ಬರ್ತೀನಿ ಅಂತ. ಅಪ್ಪಾನೂ ಹಂಗ ಅಂದು ಹೋದ. ಆಮ್ಯಾಲೆ ನೀನೂ ಅಂದಿ. ನಾವೇನು ತಿಳ್ಕೋಬೇಕಿತ್ತು?"

ಅವಳು ತಮ್ಮನ ಕಡೆ ಕೈ ಮಾಡಿದಳು.

"ಇವ ಜಾಗಾ ಬಿಟ್ಟು ಏಳ್ತಿದ್ದಿಲ್ಲ. ಎದ್ದು ಹೋದ್ರ ಮಾಮಾ ನಮ್ಮನ್ನ ಹುಡುಕಂಗಿಲ್ಲ ಅಂತಿದ್ದ. ಉಚ್ಚಿ ಬಂದ್ರೂ ಏಳ್ತಿದ್ದಿಲ್ಲ. ಒಮ್ಮೆ ಚಡ್ಯಾಗs ಮಾಡ್ಕೊಂಡ. ನಾ ನೀರು ಚೆಲ್ಲೇತಿ ಅಂತ ಹುಲುಗಪ್ಪ ತಾತಗ ಹೇಳಿದೆ."

"ಏಯ್ ಅಕ್ಕಾ, ಸಾಕ್ ಬಿಡು," ಅಂದ ಪಂಪಾಪತಿ. ಅವನ ಕಿವಿ ಕೆಂಪಾಗಿದ್ದವು. ಆಮೇಲೆ ನೆಲ ನೋಡುತ್ತ, "ಬ್ಯಾರೆ ಆಟೋ ಬಂದ್ರ ನನಗ ಗೊತ್ತಾಗ್ತಿತ್ತು. ನಿನ್ನ ಆಟೋ ಸೌಂಡ್ ಬ್ಯಾರೆ," ಅಂದ.

ಅಯ್ಯೋ ದೇವರೇ, ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮಕ್ಕಳು ತನ್ನ ಜೊತೆ ನಗುತ್ತಾ ಉಣ್ಣುತ್ತಾ ಇದ್ದವಲ್ಲ ಅಂದುಕೊಂಡ ಪರಶುರಾಮ. ಇನ್ನು ಸುಳ್ಳು ಹೇಳುವುದು ಅವನಿಂದಾಗಲಿಲ್ಲ. ಹೇಳಿಬಿಟ್ಟ. ಮ್ಯೂಸಿಯಮ್ಮಿಗೆ ನಿಮ್ಮಪ್ಪ ಬರುತ್ತಾನೆ, ಇನ್ನು ಮೇಲೆ ನೀವು ಅಲ್ಲೇ ಇರಬೇಕು, ಕಾಲೇಜೂ ಅಲ್ಲೇ, ಮಾತಾಗಿದೆ ಅಂತ ತಡವರಿಸುತ್ತ ಎಲ್ಲವನ್ನೂ ಹೇಳಿದ. ಭೀಮಮ್ಮನ ಮಾತೊಂದನ್ನು ಹೇಳಲಿಲ್ಲ.

ಪಂಪಾಪತಿ ಎದ್ದು ನಿಂತ. "ನಾವೇನ್ ತಪ್ಪು ಮಾಡಿವಿ ಮಾಮಾ?"

"ಏನೂ ಮಾಡಿಲ್ಲಪ್ಪಾ. ಬಂಗಾರದಂಥ ಮಕ್ಕಳು ನೀವು."

"ಮತ್ಯಾಕ ಕಳಸ್ತಿ? ನಾ ಕಾಲೇಜಿಗೆ ಹೋಗಂಗಿಲ್ಲ. ಗ್ಯಾರೇಜಿಗೆ ಹೋಗಿ ದುಡೀತೀನಿ."

"ಸುಮ್ನಿರು ಪಂಪಾ," ಅಂದಳು ಶೈಲಶ್ರೀ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಾವನ ಕಡೆ ತಿರುಗಿ ಕೇಳಿದಳು, "ನನ್ನ ಸಲುವಾಗಿ ಹೌದಿಲ್ಲೋ? ಓಣ್ಯಾಗ ಮಾತಾಡ್ತಾರಂತ?"

"ನಿನಗ್ಯಾರು ಹೇಳಿದ್ರು?"

"ನಳದ ಹತ್ರ ನನ್ನೂ ಕೇಳ್ಯಾರ. ನಿನಗ ಬ್ಯಾಸರಾಗ್ತೈತಿ ಅಂತ ನಾನs ಹೇಳ್ಲಿಲ್ಲ."

ಪರಶುರಾಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಇಷ್ಟು ದಿನ ಒಂದೇ ಸೂರಿನಡಿ ಇಬ್ಬರೂ ಅದೇ ಒಂದು ಮಾತನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಬೆಂದಿದ್ದರು. ಶೈಲಶ್ರೀ ಹತ್ತಿರ ಬರಲು ಹೋಗಿ, ಎದುರು ಮನೆಯ ಬಾಗಿಲಲ್ಲಿ ಯಾರೋ ನಿಂತದ್ದು ಕಂಡು ಅಲ್ಲೇ ನಿಂತಳು. ಮುಖದಿಂದ ಕೈ ತೆಗೆದು ಅದನ್ನು ನೋಡಿದ ಮೇಲೆ ಅವನಿಗೆ ತನ್ನ ನಿಶ್ಚಯ ಸರಿಯೆಂದೇ ಅನಿಸಿತು. ಸರಿ ಅನಿಸಿದ್ದಕ್ಕೇ ದುಃಖ ಇನ್ನೂ ಹೆಚ್ಚಾಯಿತು.

ವಗ್ಗರಣಿ ಆರಿ ಹೋಯಿತು. ಕೊನೆಗೆ ಪರಶುರಾಮನೇ ಮೂಗು ಒರೆಸಿಕೊಂಡು ಅಂದ, "ಆತು, ಮ್ಯೂಸಿಯಂ ಅಂತೂ ಬ್ಯಾಡೇ ಬ್ಯಾಡ. ನಿಮ್ಮಪ್ಪಗ ಬ್ಯಾರೆ ಕಡೆ ಬಾ ಅಂತೀನಿ. ಒಂದ್ ಒಳ್ಳೆ ಹೋಟ್ಲಿಗೆ ಹೋಗೂನು. ಇಲ್ಲಾಂದ್ರ ಝೂ ಗೇಟಿನ ಹತ್ರ. ನೀವು ಎಲ್ಲಿ ಅಂತೀರಿ ಅಲ್ಲಿ."

"ಬ್ಯಾಡ," ಅಂದ ಪಂಪಾಪತಿ. ಅವನು ಬಂದು ಮಾವನ ಪಕ್ಕದಲ್ಲಿ ಕೂತ, ಮಂಡಿಗೆ ಮಂಡಿ ತಾಗಿಸಿ. "ಮ್ಯೂಸಿಯಂನಾಗs ಬಿಡು."

"ಅಲ್ಲೋ, ನಿನಗ ಆಗಂಗಿಲ್ಲಲ್ಲೋ ಮಗನs."

"ಆಗಂಗಿಲ್ಲ. ಆದ್ರ ಮ್ಯೂಸಿಯಂನಾಗ ಬಿಟ್ಟಾಗೆಲ್ಲ ನೀ ವಾಪಸ್ ಬಂದಿ ಮಾಮಾ. ಒಂದ್ ಸಲಾನೂ ತಪ್ಪಿಸಿಲ್ಲ."

ಬರ್ತೀನಿ ಅನ್ನಬೇಕಿತ್ತು ಪರಶುರಾಮ. ಅಷ್ಟು ವರ್ಷ, ಆಟೋದಲ್ಲಿ ಜನ ಕಾಯುತ್ತಿದ್ದಾರೆಂದು ತಿರುಗಿಯೂ ನೋಡದೆ ಸಲೀಸಾಗಿ ಅಂದು ಹೋಗುತ್ತಿದ್ದ ಮಾತು ಅದು. ಈಗ ನಾಲಿಗೆ ಏಳಲಿಲ್ಲ. ಹುಡುಗ ಅವನ ಮುಖ ನೋಡುತ್ತಾ ಕಾಯುತ್ತಿದ್ದ.