ಗೊಬ್ಬರದ ಜೊತೆ ಹೋದದ್ದು

ಅತ್ತಿಗೆ ಕೈ ಬಿಗಿಯವಳು ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಮೊಟ್ಟೆ ಕೇಳಿದರೆ ಸೆರಗು ಒಡ್ಡಿ ಎನ್ನುತ್ತಿದ್ದಳು. ಸೊಪ್ಪು ಕೇಳಿದರೆ ಕುಡುಗೋಲನ್ನೇ ಕೈಗಿತ್ತು ಬೇಕಾದಷ್ಟು ಕೊಯ್ದುಕೊಳ್ಳಲು ಬಿಡುತ್ತಿದ್ದಳು. ನಾದಿನಿ ಕರೆದು ಕರೆದು ಇಡೀ ಬೀದಿಗೇ ಅವಳು ಅತ್ತಿಗೆಯಾಗಿದ್ದಳು. ಇಷ್ಟು ಧಾರಾಳಿಯ ಬಾಯಿ ಕಟ್ಟಿಹೋಗುತ್ತಿದ್ದದ್ದು ಒಂದೇ ವಿಷಯಕ್ಕೆ. ಅದು ಕುಂಬಳದ ಬೀಜ.

ಆ ಕುಂಬಳ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬೂದಿ ಸವರಿದಂಥ ನೀಲಿ ಸಿಪ್ಪೆ, ತೊಟ್ಟಿನ ಪಕ್ಕ ಒಂದು ಗಂಟು, ಕೊಯ್ದರೆ ಒಳಗೆಲ್ಲ ಕಡುಕೇಸರಿ. ಅತ್ತೆಯ ಅತ್ತೆ ಆ ಹಿತ್ತಿಲಲ್ಲಿ ಮೊದಲು ಊರಿದ್ದಂತೆ. ಅತ್ತೆ ಹಾಸಿಗೆ ಹಿಡಿದಾಗ ಬೀಜದ ಡಬ್ಬಿಯನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಕೊಡದೆ ಸೊಸೆಯ ಕೈಗಿಟ್ಟು, "ಇದು ಈ ಹಿತ್ತಿಲು ಬಿಟ್ಟು ಹೋಗಬಾರದು" ಎಂದಿದ್ದರು. ಕಳೆದುಹೋಗಬಾರದು ಎಂದಿದ್ದರೋ, ಯಾರಿಗೂ ಕೊಡಬಾರದು ಎಂದಿದ್ದರೋ, ಈಗ ಕೇಳೋಣವೆಂದರೆ ಅವರಿಲ್ಲ. ಅತ್ತಿಗೆ ತನಗೆ ಬೇಕಾದ ಅರ್ಥವನ್ನು ಇಟ್ಟುಕೊಂಡಳು.

ಹೀಗಾಗಿ ಇಡೀ ಕಾಯಿ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಚಳಿ ಶುರುವಾದ ಮೊದಲ ಭಾನುವಾರ ಮನೆಮಂದಿಯನ್ನೆಲ್ಲ ಊಟಕ್ಕೆ ಕರೆದು, ತಾನೇ ಕೊಯ್ದು, ಬೀಜ ಕೆರೆದು ತೆಗೆದು, ಹೋಳುಗಳನ್ನು ಕೆಂಡದ ಮೇಲೆ ಸುಟ್ಟು ಬೆಣ್ಣೆ ಸವರಿ ಬಡಿಸುತ್ತಿದ್ದಳು. ಯಾರು ಎಷ್ಟು ತಿಂದರೂ ಬೇಡ ಎನ್ನುವವಳಲ್ಲ. ಒಳ್ಳೆಯ ಒಂದು ಕಾಯಿಯ ಬೀಜ ಒಂದು ಮೊರದಲ್ಲಿ ಒಣಗಲು ಕೂರುತ್ತಿತ್ತು. ಮಿಕ್ಕದ್ದೆಲ್ಲ, ಹೋದ ವರ್ಷದ ಹಳೆಯದೂ ಸೇರಿ, ಅಂದು ಸಂಜೆಯೇ ಕೋಳಿಗಳಿಗೆ. ಏಳು ಗಿಡ್ಡ ಕೋಳಿಗಳಿದ್ದವು. ಹಿತ್ತಿಲೆಲ್ಲ ಕತ್ತು ನೀಡಿ ತಪಾಸಣೆ ಮಾಡಿಕೊಂಡು ತಿರುಗುವ ಕಂದು ಹೇಂಟೆಗೆ ಮೇಲ್ವಿಚಾರಕಿ ಎಂದು ಹೆಸರು. ಮನುಷ್ಯರಿಗೆ ಸಿಗದ ಬೀಜ ಮೇಲ್ವಿಚಾರಕಿಗೆ ಹೊಟ್ಟೆ ಬಿರಿಯುವಷ್ಟು ಸಿಗುತ್ತಿತ್ತು.

ನಾದಿನಿ ಟೈಲರ್. ನಾಲ್ಕು ಬೀದಿ ಆಚೆ ಮೂರನೇ ಮಹಡಿಯಲ್ಲಿ ಒಂಟಿಯಾಗಿ ಬಾಡಿಗೆಗಿದ್ದಳು. ತಾರಸಿಯ ಮೇಲೆ ಹಳೆಯ ಡ್ರಮ್ಮು, ಒಡೆದ ಬಕೆಟ್ಟುಗಳಲ್ಲಿ ತರಕಾರಿ ಬೆಳೆಯುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಅಣ್ಣನ ಎದುರಿಗೇ ಕೇಳಿದ್ದಳು: "ನಮ್ಮಮ್ಮನ ಕುಂಬಳ ಅಲ್ವಾ ಅತ್ತಿಗೆ, ನಾಲ್ಕು ಬೀಜ ನನಗೂ ಕೊಡಿ."

ಗಂಡನ ಮುಂದೆ ಇಲ್ಲವೆನ್ನಲು ಆಗಲಿಲ್ಲ. ಅತ್ತಿಗೆ ನಾಲ್ಕಲ್ಲ, ಹಿಡಿ ತುಂಬ ಬೀಜ ತೆಗೆದಳು. ಒಳಗೆ ಹೋಗಿ ಅವುಗಳ ಮೇಲೆ ಕುದಿಯುವ ನೀರು ಹೊಯ್ದಳು. ಮತ್ತೆ ಬಟ್ಟೆಯ ಮೇಲೆ ಒಣಗಿಸಿ, ಅಂದವಾಗಿ ಪೊಟ್ಟಣ ಕಟ್ಟಿ ಕೊಟ್ಟಳು. ಒಂದೂ ಮೊಳೆಯಲಿಲ್ಲ. ಮಾರನೆಯ ವರ್ಷವೂ ಹಾಗೇ ಕೊಟ್ಟಳು, ಹಾಗೇ ಆಯಿತು. "ನಿನ್ನ ತಾರಸಿ ಮಣ್ಣಲ್ಲಿ ಸತ್ವ ಇಲ್ಲ ಕಣೇ, ಗೊಬ್ಬರ ಒಯ್ಯಿ" ಎಂದು ಕೋಳಿಗೂಡಿನ ಗೊಬ್ಬರವನ್ನು ಒಂದು ಮೂಟೆ ಕಳಿಸಿದಳು. ಹೇಳಿದ ಸುಳ್ಳು ನಿಜವಾಗಿ ಕಾಣಬೇಕಲ್ಲ, ಅದಕ್ಕೇ ವರ್ಷಕ್ಕೊಂದು ಮೂಟೆ ಕಳಿಸುತ್ತಲೇ ಬಂದಳು. ನಾದಿನಿ ಆಮೇಲೆ ಬೀಜದ ಮಾತೆತ್ತಲಿಲ್ಲ. ಅತ್ತಿಗೆಗೆ ನಾಚಿಕೆಯಾಗುತ್ತಿರಲಿಲ್ಲ ಎಂದಲ್ಲ. ಬರಿದಾದ ಡ್ರಮ್ಮು ನೋಡಲು ಮುಖವಿಲ್ಲದೆ ಅವಳು ಆ ತಾರಸಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ.

ಈ ವರ್ಷ ಬಳ್ಳಿ ಬಿಟ್ಟದ್ದೇ ನಾಲ್ಕು ಕಾಯಿ. ನಾಲ್ಕೂ ಭಾನುವಾರದ ಊಟಕ್ಕೆ ಮುಗಿದವು. ಸೋಮವಾರ ಬೆಳಿಗ್ಗೆ ಅವಳು ಬಟ್ಟೆ ಹಿಂಡಿ ಬರುವಷ್ಟರಲ್ಲಿ, ಗಡಿಯಾರ ರಿಪೇರಿ ಮಾಡುವ, ಮನೆಗೆಲಸಕ್ಕೆ ಎಂದೂ ಕೈ ಹಾಕದ ಗಂಡನಿಗೆ ಅದ್ಯಾಕೋ ಹೆಂಡತಿಗೆ ನೆರವಾಗುವ ಮನಸ್ಸು ಬಂದಿತ್ತು. ಬೀಜದ ಮೊರ ಖಾಲಿಯಾಗಿ ಗೋಡೆಗೆ ಒರಗಿತ್ತು.

"ನಿನ್ನೇದು ಉಳಿದಿದೆ ಅಂದ್ಕೊಂಡು ಕೋಳಿಗೆ ಹಾಕ್ದೆ" ಎಂದ ಅವನು, ಹೊಗಳಿಕೆಗೆ ಕಾಯುವವನ ಹಾಗೆ ನಿಂತು.

ಅತ್ತಿಗೆ ಗೂಡಿಗೆ ಓಡಿದಳು. ಹುಲ್ಲು ಕೆದರಿದಳು, ಮೂಲೆ ಮೂಲೆ ತಡಕಿದಳು. ಸಿಕ್ಕಿದ್ದು ಒಡೆದ ಸಿಪ್ಪೆ ಮಾತ್ರ. ಗೊಬ್ಬರದಲ್ಲಾದರೂ ಹುಡುಕೋಣವೆಂದರೆ ಭಾನುವಾರ ಸಂಜೆಯ ಬೀಜದ ಸಮೇತ ಅದೂ ನಸುಕಿನಲ್ಲೇ ತಳ್ಳುಗಾಡಿ ಹತ್ತಿ ನಾದಿನಿಯ ಮನೆಗೆ ಹೋಗಿತ್ತು. ಮೇಲ್ವಿಚಾರಕಿ ಕೊಕ್ಕು ಒರೆಸಿಕೊಳ್ಳುತ್ತ ಅವಳನ್ನೇ ನೋಡಿತು. ಮೂರು ತಲೆಮಾರು ಕಾದುಕೊಂಡು ಬಂದದ್ದು ತನ್ನ ಕೈಯಲ್ಲಿ ಮುಗಿದುಹೋಯಿತಲ್ಲ ಎಂದು ಅತ್ತಿಗೆ ಅಲ್ಲೇ ಕುಕ್ಕರಿಸಿ ಅತ್ತಳು.

"ಅಯ್ಯೋ, ಅಳೋದ್ಯಾಕೆ?" ಎಂದ ಗಂಡ. "ನನ್ನ ತಂಗಿಗೆ ಕೊಟ್ಟಿದ್ಯಲ್ಲ, ಅವಳ ಹತ್ರ ಒಂದೆರಡು ಇರಲ್ವಾ? ಹೋಗಿ ಕೇಳು. ನಾನೇ ಹೋಗ್ತಿದ್ದೆ, ಈ ಮಂಡಿ ಆ ಮೆಟ್ಟಿಲಿಗೆ ಒಪ್ಪಲ್ಲ."

ಅಲ್ಲಿ ಇರುವುದಿಲ್ಲ ಎಂದು ಹೇಳಿದರೆ ಯಾಕೆಂದೂ ಹೇಳಬೇಕು. ಅತ್ತಿಗೆ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು. ಕೇಳಿದ ಶಾಸ್ತ್ರ ಮಾಡಿ, ಇಲ್ಲವಂತೆ ಎಂದು ಬಂದರಾಯಿತು.

ನಾದಿನಿ ಹೊಲಿಗೆ ಮಿಷನ್ನಿನ ಮುಂದೆ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದಳು. ಅತ್ತಿಗೆ ಬಾಗಿಲಲ್ಲೇ ನಿಂತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು: "ಕುಂಬಳದ ಬೀಜ ಎಲ್ಲಾ ಕೋಳಿ ಪಾಲಾಯ್ತು ಕಣೇ. ನಿನ್ನ ಹತ್ರ ಕೇಳು ಅಂತ ನಿಮ್ಮಣ್ಣ ಕಳಿಸಿದ್ರು. ಇರಲ್ಲ ಅಂತ ನಂಗೆ ಗೊತ್ತು, ಆದ್ರೂ."

ನಾದಿನಿ ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದಳು.

"ಹೇಗೆ ಗೊತ್ತು ಅತ್ತಿಗೆ?"

ನಾದಿನಿ ಉತ್ತರಕ್ಕೆ ಕಾಯಲಿಲ್ಲ. "ಬನ್ನಿ" ಎಂದು ತಾರಸಿಯ ಮೆಟ್ಟಿಲು ಹತ್ತಿದಳು.

ನೀರಿನ ಟ್ಯಾಂಕಿನ ನೆರಳಲ್ಲಿ ಒಂದು ಹಲಗೆ. ಹಲಗೆಯ ಮೇಲೆ ಐದು ಕುಂಬಳ. ಬೂದಿ ಸವರಿದಂಥ ನೀಲಿ, ತೊಟ್ಟಿನ ಪಕ್ಕ ಗಂಟು.

"ಏಳು ವರ್ಷದ ಹಿಂದೆ ನೀವು ಕಳಿಸಿದ ಗೊಬ್ಬರದಲ್ಲೇ ಬಂತು, ಆಗಿಂದ ಬೆಳೀತಿದೀನಿ" ಎಂದಳು ನಾದಿನಿ. "ಕೋಳಿ ತಿನ್ನದೆ ಬಿಟ್ಟಿದ್ದು ಇರ್ಬೇಕು. ಬೇರೆ ಜಾತಿ ಬೆರೆಯೋದು ಬೇಡ ಅಂತ ನಾನು ಇಲ್ಲಿ ಇನ್ಯಾವ ಕುಂಬಳಾನೂ ಹಾಕಿಲ್ಲ. ಪೊಟ್ಟಣದಲ್ಲಿ ಕೊಟ್ಟಿದ್ದು ಮಾತ್ರ ಬರ್ಲಿಲ್ಲ. ಎರಡನೇ ಸಲ ಒಂದನ್ನ ಕಚ್ಚಿ ನೋಡಿದ್ದೆ. ಬೆಂದಿತ್ತು."

ಅತ್ತಿಗೆ ಟ್ಯಾಂಕಿನ ಕಟ್ಟೆ ಹಿಡಿದು ಕೂತಳು. ನೆಲ ಬಾಯಿಬಿಟ್ಟರೆ ಇಳಿದುಹೋಗಬಹುದಿತ್ತು, ಆದರೆ ಕೆಳಗೆ ಇನ್ನೂ ಮೂರು ಮಹಡಿಗಳಿದ್ದವು. "ಯಾಕೇ ಹೇಳ್ಲಿಲ್ಲ?" ಎಂದಳು.

"ಏನಂತ ಹೇಳ್ಲಿ? ಅಮ್ಮ ಹೋದ್ಮೇಲೆ ತವರು ಅಂತ ನಂಗಿರೋದು ನಿಮ್ಮನೆ ಒಂದೇ. ಒಂದು ಕುಂಬಳಕ್ಕೆ ಅದನ್ನೂ ಕೆಡಿಸ್ಕೊಳ್ಳಲಾ?"

ಅವಳು ಕೆಳಗಿಳಿದು, ಗುಂಡಿಗಳನ್ನಿಡುವ ಡಬ್ಬಿಯಿಂದ ಬೀಜದ ಒಂದು ಪೊಟ್ಟಣ ತಂದು ಅತ್ತಿಗೆಯ ಕೈಗಿಟ್ಟಳು. ಅತ್ತಿಗೆ ಬೇಕೆಂದು ಮಾಡಿದ್ದಲ್ಲ, ಆದರೂ ಅವಳ ಹೆಬ್ಬೆರಳು ಕಾಗದದ ಮೇಲಿಂದಲೇ ಒಂದು ಬೀಜವನ್ನು ಒತ್ತಿ ನೋಡಿತು. ನಾದಿನಿ ಅದನ್ನು ಕಂಡಳು. ಪೊಟ್ಟಣವನ್ನು ವಾಪಸ್ಸು ತೆಗೆದುಕೊಂಡು, ಹಲಗೆಯ ಮೇಲಿನ ದೊಡ್ಡ ಕಾಯಿಯನ್ನೇ ಎತ್ತಿ ಅತ್ತಿಗೆಯ ಮಡಿಲಲ್ಲಿಟ್ಟಳು.

"ನೀವೇ ಕೊಯ್ದು ನೀವೇ ಬೀಜ ತೆಗೀರಿ. ಆಗ ಅನುಮಾನ ಇರಲ್ಲ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅತ್ತಿಗೆಗೆ ಎಷ್ಟೋ ಸುಲಭವಾಗುತ್ತಿತ್ತು.

ನಾಲ್ಕು ಬೀದಿಯುದ್ದ ಕುಂಬಳವನ್ನು ಹೆಗಲ ಮೇಲೆ ಹೊತ್ತು ಬಂದಳು. ಮನೆಯಲ್ಲಿ ಗಂಡ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಗಡಿಯಾರದ ಹೊಟ್ಟೆ ಬಿಚ್ಚಿದ್ದ. ಕುಂಬಳ ನೋಡಿದ್ದೇ ಅವನ ಮುಖ ಅರಳಿತು.

"ನೋಡಿದ್ಯಾ? ಅವತ್ತು ನೀನು ಕೊಟ್ಟಿದ್ದಕ್ಕೇ ಇವತ್ತು ಉಳೀತು!"

ಅತ್ತಿಗೆ ಹೆಗಲಿಗೆ ಅಂಟಿದ್ದ ಬೂದಿಯನ್ನು ಕೊಡವಿಕೊಂಡಳು. ಹೂಂ ಎಂದರೆ ಮುಗಿಯುತ್ತಿತ್ತು. ನಾದಿನಿ ಎಂದೂ ಬಾಯಿ ಬಿಡುವವಳಲ್ಲ, ಅದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು.

"ನಾನು ಬೀಜ ಕೊಟ್ಟಿರ್ಲಿಲ್ಲ ರೀ" ಎಂದಳು. "ಬಿಸಿನೀರಲ್ಲಿ ಬೇಯಿಸಿ ಕೊಟ್ಟಿದ್ದೆ. ಎರಡು ಸಲ. ಇದು ಗೊಬ್ಬರದಲ್ಲಿ ತಾನಾಗೇ ಬಂದಿದ್ದು."

ಗಂಡ ಮಸೂರ ತೆಗೆದ.

"ಅವಳಿಗೆ ಗೊತ್ತಾ?"

"ಎರಡನೇ ಸಲವೇ ಗೊತ್ತಾಯ್ತಂತೆ. ಏಳು ವರ್ಷದಿಂದ ತಾನೇ ಬೆಳೀತಿದ್ದಾಳೆ."

"ಅಲ್ಲ, ನಿನ್ನೆ ಭಾನುವಾರನೂ ಬಂದಿದ್ಲಲ್ಲ" ಎಂದ ಅವನು. "ಎರಡು ಸಲ ಹಾಕಿಸ್ಕೊಂಡು ತಿಂದ್ಲು. ಅತ್ತಿಗೆ, ಈ ರುಚಿ ನಂಗೆ ಇನ್ನೆಲ್ಲೂ ಸಿಗಲ್ಲ ಅಂದ್ಲು."

"ವರ್ಷವೂ ಅಂತಾಳೆ" ಎಂದು ಅತ್ತಿಗೆ ಕತ್ತಿ ತರಲು ಒಳಗೆ ಹೋದಳು.